ಪಂಚಾಂಗ ದಾಟಿದ ಹಬ್ಬಗಳು: ನ್ಯೂಯಾರ್ಕಿನ ಕೆರಿಬಿಯನ್ ಅಮೆರಿಕನ್ನರ ಅಸ್ಮಿತೆ ಕುರಿತು

ವಲಸೆ ಹೋದವರು ತವರಿನ ಸಂಸ್ಕೃತಿಯನ್ನು ‘ಉಳಿಸಿಕೊಳ್ಳುತ್ತಾರೆ’ ಎಂಬ ಮಾತು ವಲಸೆ ಅಧ್ಯಯನಗಳಲ್ಲಿ ಸವೆದುಹೋಗಿದೆ. ಉಳಿದದ್ದೇನು, ಅಳಿದದ್ದೇನು ಎಂದು ಪಟ್ಟಿ ಮಾಡಲು ಹೊರಟಾಗ ವೇಷ, ಅಡುಗೆ, ಹಾಡು ಕಣ್ಣಿಗೆ ಬೀಳುತ್ತವೆ. ಹಬ್ಬ ಯಾವ ದಿನ ನಡೆಯಿತು, ಆ ದಿನವನ್ನು ಗೊತ್ತುಮಾಡಿದವರು ಯಾರು ಎಂದು ಕೇಳುವವರು ಕಡಿಮೆ. ನ್ಯೂಯಾರ್ಕಿನ ಕೆರಿಬಿಯನ್ ಮೂಲದವರ ಮಟ್ಟಿಗೆ ಈ ಕೇಳದ ಪ್ರಶ್ನೆಯೇ ಮುಖ್ಯವಾದದ್ದು. ಅಲ್ಲಿನ ಹಬ್ಬಗಳು ಹಳೆಯ ತಿಥಿ ಬಿಟ್ಟು ಅಮೆರಿಕದ ರಜಾಪಟ್ಟಿಗೆ ಹೊಂದಿಕೊಂಡ ಹೊತ್ತಿನಲ್ಲೇ ‘ಕೆರಿಬಿಯನ್ ಅಮೆರಿಕನ್’ ಎಂಬ ಗುರುತು ರೂಪ ತಳೆಯಿತು ಎಂಬುದು ಈ ಲೇಖನದ ವಾದ.

ಟ್ರಿನಿಡಾಡಿನಲ್ಲಿ ಕಾರ್ನಿವಲ್ ನಡೆಯುವುದು ವಿಭೂತಿ ಬುಧವಾರದ ಹಿಂದಿನ ಸೋಮವಾರ ಮತ್ತು ಮಂಗಳವಾರ. ಕ್ರೈಸ್ತರ ತಪಸ್ಸುಕಾಲ ಶುರುವಾಗುವ ಮುನ್ನ ಕುಣಿದು ಮುಗಿಸುವ ಹಬ್ಬವದು. ಹದಿನೆಂಟನೆಯ ಶತಮಾನದ ಕೊನೆಗೆ ಫ್ರೆಂಚ್ ತೋಟದೊಡೆಯರು ಅದನ್ನು ದ್ವೀಪಕ್ಕೆ ತಂದರು. ಗುಲಾಮಗಿರಿ ರದ್ದಾದದ್ದು 1834ರ ಆಗಸ್ಟ್ 1ರಂದು. ಬಿಡುಗಡೆಯಾದವರು ಆ ನೆನಪಿಗೆ ಪಂಜು ಹಿಡಿದು ಹೊರಡಿಸುತ್ತಿದ್ದ ‘ಕಾನ್ಬುಲೆ’ ಮೆರವಣಿಗೆ ಮೊದಲು ಆಗಸ್ಟಿನಲ್ಲೇ ನಡೆಯುತ್ತಿತ್ತು. ಕೆಲವು ವರ್ಷಗಳಲ್ಲಿ ಕಾರ್ನಿವಲ್ಲಿನೊಳಗೆ ಸೇರಿಕೊಂಡಿತು. 1881ರಲ್ಲಿ ಪೊಲೀಸರು ಅದನ್ನು ತಡೆಯಹೋದಾಗ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಬೀದಿಕಾಳಗವೇ ನಡೆಯಿತು. ಹೀಗೆ ಇಂದು ‘ಮೂಲ’ ಎನಿಸಿಕೊಂಡ ದಿನವೂ ಒಂದು ಸ್ಥಳಾಂತರದ ಫಲವೇ. ನ್ಯೂಯಾರ್ಕಿನಲ್ಲಿ ಹಬ್ಬ ಕೆಟ್ಟಿತೆಂದು ಕೊರಗುವವರು ಇದನ್ನು ಗಮನಿಸಬೇಕು.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆಸಿದ ಟ್ರಿನಿಡಾಡಿನವರು ಮೊದಲು ಹಳೆಯ ತಿಥಿಯನ್ನೇ ಪಾಲಿಸಿದರು. ಫೆಬ್ರುವರಿಯ ಹಿಮದಲ್ಲಿ ಬೀದಿಗಿಳಿಯಲಾಗದೆ, ನೃತ್ಯಶಾಲೆಗಳನ್ನು ಬಾಡಿಗೆಗೆ ಹಿಡಿದು ಒಳಗೇ ವೇಷ ಕಟ್ಟಿ ಕುಣಿದರು. ನಾಲ್ಕು ಗೋಡೆಗಳ ನಡುವಿನ ಕಾರ್ನಿವಲ್ ಎಂದರೆ ಟಿಕೆಟ್ ಕೊಂಡವರ ಕೂಟ. ಬೀದಿಯ ಹಬ್ಬಕ್ಕಿರುವ ಬಲ ಅದಕ್ಕಿರಲಿಲ್ಲ. ಜೆಸ್ಸಿ ವಾಡೆಲ್ ಎಂಬ ಟ್ರಿನಿಡಾಡ್ ಮೂಲದ ಮಹಿಳೆಯ ಪ್ರಯತ್ನದಿಂದ 1940ರ ದಶಕದಲ್ಲಿ ಬೀದಿ ಮೆರವಣಿಗೆಗೆ ಪರವಾನಗಿ ದೊರೆಯಿತು. ಆರಿಸಿಕೊಂಡ ದಿನ ಲೇಬರ್ ಡೇ, ಅಂದರೆ ಸೆಪ್ಟೆಂಬರಿನ ಮೊದಲ ಸೋಮವಾರ. ಆ ದಿನ ಬಿಸಿಲಿರುತ್ತದೆ, ಸಂಬಳ ಕಡಿತವಾಗದ ರಜೆಯೂ ಇರುತ್ತದೆ. 1960ರ ದಶಕದ ಮೊದಲರ್ಧದಲ್ಲಿ ಗಲಭೆಯ ನೆಪದಿಂದ ಆ ಪರವಾನಗಿ ರದ್ದಾಯಿತು. ಹಬ್ಬ ಬ್ರೂಕ್ಲಿನ್ ಸೇರಿತು. ಕಾರ್ಲೋಸ್ ಲೆಜಾಮಾ ಮುಂದಾಳತ್ವದಲ್ಲಿ ಈಸ್ಟರ್ನ್ ಪಾರ್ಕ್‌ವೇ ಎಂಬ ವಿಶಾಲ ರಸ್ತೆಯಲ್ಲಿ ನೆಲೆ ಕಂಡಿತು.

ಇಷ್ಟೇ ಆಗಿದ್ದರೆ ಇದು ಹವಾಮಾನದ ಕತೆ. ಆದರೆ ತಪಸ್ಸುಕಾಲದ ನಂಟು ಕಡಿದದ್ದರಿಂದ ಇನ್ನೊಂದು ಪರಿಣಾಮವೂ ಆಯಿತು. ಫೆಬ್ರುವರಿಯ ಕಾರ್ನಿವಲ್ ಎಲ್ಲ ದ್ವೀಪಗಳ ಹಬ್ಬವಲ್ಲ. ಬಾರ್ಬಡೋಸಿನವರದು ಕಬ್ಬಿನ ಕೊಯ್ಲು ಮುಗಿದ ಮೇಲಿನ ಕ್ರಾಪ್ ಓವರ್; ಜಮೈಕಾದಲ್ಲಿ ಅಂಥ ಹಳೆಯ ಸಂಪ್ರದಾಯವೇ ಇರಲಿಲ್ಲ. ಲೇಬರ್ ಡೇ ಯಾವ ದ್ವೀಪದ್ದೂ ಅಲ್ಲದ ದಿನವಾದ್ದರಿಂದ ಎಲ್ಲರದೂ ಆಗಬಲ್ಲದಾಯಿತು. 1958ರಲ್ಲಿ ಬ್ರಿಟಿಷ್ ದ್ವೀಪಗಳನ್ನು ಒಂದುಗೂಡಿಸಲು ಹುಟ್ಟಿದ ವೆಸ್ಟ್ ಇಂಡೀಸ್ ಒಕ್ಕೂಟ, ಜಮೈಕಾ ಹೊರನಡೆದ ಮೇಲೆ 1962ರಲ್ಲಿ ಮುರಿದುಬಿತ್ತು. ರಾಜಕಾರಣಿಗಳು ಐದು ವರ್ಷವೂ ನಡೆಸಿಕೊಂಡು ಹೋಗಲಾರದ ಒಕ್ಕೂಟ, ವರ್ಷಕ್ಕೊಂದು ದಿನದ ಮಟ್ಟಿಗಾದರೂ, ಬ್ರೂಕ್ಲಿನ್ನಿನ ಬೀದಿಯಲ್ಲಿ ನಡೆದುಕೊಂಡು ಬಂದಿದೆ. 1952ರ ವಲಸೆ ಕಾಯ್ದೆ ಪ್ರತಿ ವಸಾಹತಿಗೆ ವರ್ಷಕ್ಕೆ ನೂರು ಜನರ ಮಿತಿ ಹಾಕಿತ್ತು. 1965ರ ಕಾಯ್ದೆ ಆ ಬಾಗಿಲು ತೆರೆದ ಮೇಲೆ ಜಮೈಕಾ, ಗಯಾನಾ, ಹೈಟಿಗಳಿಂದ ಬಂದವರು ಇದೇ ಬೀದಿಗೆ ತಮ್ಮ ಬಾವುಟ ತಂದರು.

ಐಕ್ಯದ ಈ ಚಿತ್ರವನ್ನು ಅತಿಯಾಗಿ ಹಿಗ್ಗಿಸಬಾರದು. ಲಾರಿಗಳ ಮೇಲಿನ ಭಾರಿ ಧ್ವನಿವರ್ಧಕಗಳು ಬಂದ ಮೇಲೆ ಸ್ಟೀಲ್‌ಪ್ಯಾನ್ ವಾದ್ಯ ತಂಡಗಳ ದನಿ ಅಡಗಿತು. ಅವು ಪಾರ್ಕ್‌ವೇಯ ಹಗಲನ್ನು ಬಿಟ್ಟು ಬೆಳಗಿನ ಜಾವದ ‘ಜೂವೆ’ಗೆ ಹೊರಳಿದವು. ಮೈಗೆ ಕೆಸರು, ಎಣ್ಣೆ, ಬಣ್ಣ ಬಳಿದುಕೊಂಡು ಕತ್ತಲಲ್ಲಿ ಹೊರಡುವ ಈ ಮೆರವಣಿಗೆಯಲ್ಲಿ ಧ್ವನಿವರ್ಧಕಕ್ಕೆ ಜಾಗವಿಲ್ಲ. ಆದರೆ ಕತ್ತಲೂ ನಗರಾಡಳಿತದ ಕೈಯಲ್ಲಿದೆ. ಗುಂಡೇಟಿನ ಸಾವುಗಳಾದ ಬಳಿಕ 2017ರಲ್ಲಿ ಜೂವೆಯ ಆರಂಭವನ್ನು ನಸುಕಿನ 4ರಿಂದ ಬೆಳಿಗ್ಗೆ 6 ಗಂಟೆಗೆ ಮುಂದೂಡಲಾಯಿತು. ದಾರಿಯುದ್ದಕ್ಕೂ ತಪಾಸಣೆಯೂ ಬಂತು. ಭದ್ರತೆಯ ಕಾರಣ ಹುಸಿಯಲ್ಲ. ಆದರೂ ಕತ್ತಲಲ್ಲಿ ಶುರುವಾಗಬೇಕಾದ ಆಚರಣೆಯನ್ನು ಬೆಳಕಿಗೆ ತಳ್ಳಿದರೆ ಅದು ಬೇರೆಯದೇ ಆಚರಣೆ ಎಂದು ಹೇಳದೆ ವಿಧಿಯಿಲ್ಲ. ಇನ್ನೊಂದು ತಿಥಿ ಜಗಳ 1994ರದು. ಆ ವರ್ಷ ಲೇಬರ್ ಡೇ ಸಂಜೆಯೇ ಯಹೂದ್ಯರ ಹೊಸ ವರ್ಷ ಆರಂಭವಾಗುವುದಿತ್ತು. ಲುಬಾವಿಚ್ ಯಹೂದ್ಯರ ಕೇಂದ್ರವಿರುವುದೂ ಅದೇ ಪಾರ್ಕ್‌ವೇಯಲ್ಲಿ. ಅದೇ ಪ್ರದೇಶದಲ್ಲಿ ಕರಿಯರಿಗೂ ಯಹೂದ್ಯರಿಗೂ ನಡುವೆ ನಡೆದ 1991ರ ಕ್ರೌನ್ ಹೈಟ್ಸ್ ಗಲಭೆಯ ಗಾಯ ಇನ್ನೂ ಹಸಿಯಾಗಿತ್ತು. ಚರ್ಚೆ ಕಾವೇರಿತು, ಮೆರವಣಿಗೆ ಅದೇ ದಿನ ನಡೆಯಿತು. ಎರವಲು ತಂದ ದಿನ ಆ ಹೊತ್ತಿಗೆ ಸ್ವಂತದ್ದಾಗಿಬಿಟ್ಟಿತ್ತು.

ಕ್ವೀನ್ಸ್‌ನ ರಿಚ್ಮಂಡ್ ಹಿಲ್‌ನಲ್ಲಿ ಕತೆ ಬೇರೆ. ಅಲ್ಲಿರುವ ಬಹುಪಾಲು ಕೆರಿಬಿಯನ್ನರ ಪೂರ್ವಿಕರು 1838ರಿಂದ 1917ರವರೆಗೆ ಭಾರತದಿಂದ ಕರಾರು ಕೂಲಿಗಳಾಗಿ ಹಡಗು ಹತ್ತಿದವರು. ಸುಮಾರು 2.4 ಲಕ್ಷ ಜನ ಬ್ರಿಟಿಷ್ ಗಯಾನಾಕ್ಕೆ, 1.4 ಲಕ್ಷ ಜನ ಟ್ರಿನಿಡಾಡಿಗೆ ಹೋದರು. ಅವರ ಹೋಳಿಯ ಹೆಸರು ಫಗ್ವಾ. ಗಯಾನಾದಲ್ಲಿ ಚೌತಾಲ್ ಎಂಬ ಹೋಳಿ ಹಾಡುಗಳನ್ನು ಹಾಡುತ್ತ ಮನೆಮನೆ ಸುತ್ತುತ್ತಿದ್ದ ಈ ಹಬ್ಬ, ಲಿಬರ್ಟಿ ಅವೆನ್ಯೂದಲ್ಲಿ ಭಾನುವಾರದ ಮೆರವಣಿಗೆಯಾಯಿತು, ಅಲಂಕೃತ ವಾಹನಗಳ ಸಮೇತ. ಹುಣ್ಣಿಮೆಯನ್ನು ಬಿಟ್ಟು ಭಾನುವಾರವನ್ನು ಹಿಡಿದ ಇವರು ದೀಪಾವಳಿಯ ವಿಷಯದಲ್ಲಿ ಮಾತ್ರ ತಿಥಿ ಬಿಡಲಿಲ್ಲ. ಅಮಾವಾಸ್ಯೆಯಂದೇ ಶಾಲೆಗೆ ರಜೆ ಬೇಕೆಂದು ಭಾರತೀಯ ಅಮೆರಿಕನ್ನರೊಡನೆ ಸೇರಿ ವರ್ಷಗಟ್ಟಲೆ ಒತ್ತಾಯಿಸಿದರು. ಟ್ರಿನಿಡಾಡಿನಲ್ಲಿ 1966ರಿಂದಲೂ ದೀಪಾವಳಿ ಸಾರ್ವಜನಿಕ ರಜೆ, ಗಯಾನಾದಲ್ಲೂ ರಜೆಯೇ. ಅವರು ಕೇಳಿದ್ದು ತವರಿನಲ್ಲಿ ತಮಗಿದ್ದ ಹಕ್ಕನ್ನೇ. 2023ರ ನವೆಂಬರಿನಲ್ಲಿ ರಾಜ್ಯಪಾಲೆ ಕ್ಯಾಥಿ ಹೋಕುಲ್ ಕಾನೂನಿಗೆ ಸಹಿ ಹಾಕಿದರು. ನಗರದ ಶಾಲೆಗಳ ಮೊದಲ ದೀಪಾವಳಿ ರಜೆ 2024ರ ನವೆಂಬರ್ 1ಕ್ಕೆ ಬಂತು. ಜನಗಣತಿಯ ‘ಕರಿಯರು’, ‘ಏಷ್ಯನ್ ಭಾರತೀಯರು’ ಎಂಬ ಕಲಂಗಳಲ್ಲಿ ಸರಿಯಾಗಿ ಕೂರದ ಈ ಸಮುದಾಯ ಮೊದಲು ಎದ್ದು ಕಂಡದ್ದು ರಜಾಪಟ್ಟಿಯಲ್ಲಿ.

ಈ ದಿನಗಳ ಪಕ್ಕದಲ್ಲಿ 2006ರಲ್ಲಿ ಅಮೆರಿಕದ ಅಧ್ಯಕ್ಷರು ಜೂನ್ ತಿಂಗಳಿಗೆ ಕೊಡತೊಡಗಿದ ‘ಕೆರಿಬಿಯನ್ ಅಮೆರಿಕನ್ ಪರಂಪರೆ ಮಾಸ’ ಎಂಬ ಮನ್ನಣೆ ಪೇಲವವಾಗಿ ಕಾಣುತ್ತದೆ. ಗೌರವದ ಮಾತುಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಆ ತಿಂಗಳಿಗಾಗಿ ಯಾರೂ ಬೀದಿಯನ್ನು ಕಾದಾಡಿ ಪಡೆದಿಲ್ಲ.

ಕನ್ನಡದ ಸಂಶೋಧಕರಿಗೆ ಇದು ದೂರದ ವಿಷಯವಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನಗಳು 2010ರಲ್ಲಿ ಎಡಿಸನ್ನಿನಲ್ಲೂ 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲೂ ನಡೆದದ್ದು ಇದೇ ಲೇಬರ್ ಡೇ ವಾರಾಂತ್ಯದಲ್ಲಿ. ಯುಗಾದಿ ಅಲ್ಲಿ ಎಷ್ಟೋ ಕಡೆ ಪಾಡ್ಯವನ್ನು ಬಿಟ್ಟು ಶನಿವಾರಕ್ಕೆ ಬರುತ್ತದೆ. ಆದರೆ ಆ ಕೂಟಗಳ ಬಗ್ಗೆ ಬರೆಯುವವರು ಭಾಷಣಗಳನ್ನು, ಸ್ಮರಣ ಸಂಚಿಕೆಗಳನ್ನು ಓದುತ್ತಾರೆಯೇ ಹೊರತು ಸಭಾಂಗಣದ ಬಾಡಿಗೆ ರಸೀದಿ, ಪರವಾನಗಿ ಪತ್ರ, ದಿನ ಬದಲಿಸಿದ ಆಹ್ವಾನ ಪತ್ರಿಕೆಗಳತ್ತ ತಿರುಗಿಯೂ ನೋಡುವುದಿಲ್ಲ. ಮೊದಲ ತಲೆಮಾರಿನವರ ಮನೆಗಳಲ್ಲಿ ಇವು ಇನ್ನೂ ಸಿಗುವ ಕಾಲದಲ್ಲೇ ಯಾರಾದರೂ ಸಂಗ್ರಹಿಸಬೇಕು.