ನವಣೆ ಹೊಲದ ಹಕ್ಕಿ ಪಂಜರ ಸೇರಿದ್ದು

ಕೊಯಮತ್ತೂರು, ತಿರುಪ್ಪೂರು ಕಡೆ ಹಕ್ಕಿ ಅಂಗಡಿಗಳಲ್ಲಿ ಬಿಳಿ, ಕಂದು, ಮಚ್ಚೆ ಬಣ್ಣದ ಪುಟ್ಟ ಹಕ್ಕಿಗಳನ್ನ ಜೋಡಿ ಲೆಕ್ಕದಲ್ಲಿ ಮಾರುತ್ತಾರೆ. ಎಲ್ಲಕ್ಕೂ ಫಿಂಚಸ್ ಅಂತಲೇ ಹೆಸರು. ಅದರಲ್ಲಿ ಬೆಂಗಾಲೀಸ್ ಅನ್ನೋದೊಂದು ಜಾತಿ ಇದೆ. ಹೆಸರು ಹಾಗಿದ್ದರೂ ಅದು ಬಂಗಾಳದಲ್ಲಿ ಹುಟ್ಟಿದ್ದಲ್ಲ. ನಮ್ಮ ಹೊಲದ ರಾಟವಾಳದ ನೆಂಟ ಅದು.

ರಾಟವಾಳ ಅಂದರೆ ತೆನೆ ಹಾಲುಗಟ್ಟೋ ಹೊತ್ತಿಗೆ ಹಿಂಡಾಗಿ ಬಂದು ಕೂರುವ ಹಕ್ಕಿ. ತಮಿಳಿನಲ್ಲಿ ಸಿಲ್ಲೈ ಅಂತಾರೆ, ತಿನೈಕುರುವಿ ಅಂತಲೂ ಅಂತಾರೆ. ತಿನೈ ಅಂದರೆ ನವಣೆ. ಏನು ತಿನ್ನುತ್ತೆ ಅಂತ ಹೆಸರೇ ಹೇಳುತ್ತೆ. ನಮ್ಮ ಒಕ್ಕಲಿಗರ ಮನೆ ಮಕ್ಕಳು ಅಟ್ಟಣೆ ಮೇಲೆ ಕೂತು, ಕವಣೆ ಬೀಸಿ, ಕೂಗು ಹಾಕಿ ಇದನ್ನ ಓಡಿಸುತ್ತಿದ್ದರು. ಈಗ ನವಣೆ ಹೋಗಿ ತೆಂಗು, ಮೆಕ್ಕೆಜೋಳ ಬಂತು, ಕೂಗೂ ನಿಂತಿತು. ರಾಟವಾಳದಲ್ಲಿ ಹಲವು ಬಗೆ. ಬಿಳಿಬೆನ್ನಿನದು ನಮ್ಮ ಬೆಟ್ಟದ ಬುಡದಲ್ಲೂ ಉಂಟು, ಚೀನಾದಲ್ಲೂ ಅದರ ಬಳಗ ಉಂಟು.

ಆ ಚೀನಾದ ಬಳಗವನ್ನ 1763ರ ಸುಮಾರಿಗೆ ಜಪಾನಿನ ಕ್ಯೂಶೂ ಸೀಮೆಯ ದೊರೆಯೊಬ್ಬ ತರಿಸಿಕೊಂಡನಂತೆ. ಮರಿ ಸಾಕೋದರಲ್ಲಿ ಇದಕ್ಕೆ ಬೇಸರವೇ ಇಲ್ಲ, ಬೇರೆ ಜಾತಿಯ ಮೊಟ್ಟೆ ಇಟ್ಟರೂ ಕಾವು ಕೊಡುತ್ತೆ. ಒಳ್ಳೇ ತಾಯಿತಂದೆ ಆಗೋವನ್ನೇ ಆರಿಸಿ ಬೆಳೆಸಿದರು. ನಡುವೆ ಬಿಳಿ ಗರಿಯವು ಹುಟ್ಟಿದವು, ಅವನ್ನೂ ಉಳಿಸಿಕೊಂಡರು. ಅಲ್ಲಿನ ಹೆಸರು ಜೂಶಿಮಾತ್ಸು. ಬರೆಯೋ ಅಕ್ಷರಕ್ಕೆ ಹತ್ತು ಅಕ್ಕತಂಗಿಯರು ಅಂತ ಅರ್ಥ. ಬಂಗಾಳಕ್ಕಿಂತ ಈ ಹೆಸರೇ ಚೆಂದ.

ಹಾಡೋನಾದ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಕಜುವೊ ಒಕನೊಯ ಅನ್ನೋ ಜಪಾನಿನ ವಿಜ್ಞಾನಿ ಎರಡೂ ಹಕ್ಕಿಯ ಹಾಡು ಹೋಲಿಸಿ ನೋಡಿದರು. ಕಾಡಿನದು ಹೆಚ್ಚು ಕಡಿಮೆ ಒಂದೇ ವರಸೆಯಲ್ಲಿ ಹಾಡುತ್ತೆ. ಪಂಜರದ್ದು ಸೊಲ್ಲುಗಳನ್ನ ಹಿಂದುಮುಂದು ಮಾಡಿ, ತಿರುವಿ ತಿರುವಿ ಹಾಡುತ್ತೆ. ಅದಕ್ಕೆ ಗಿಡುಗನ ಭಯ ಇಲ್ಲ, ತನ್ನ ಜಾತಿ ಯಾವುದು ಅಂತ ಕೂಗಿ ಹೇಳಬೇಕಾದ ಅಗತ್ಯವೂ ಇಲ್ಲ, ಹಾಡು ಸಡಿಲವಾಯಿತು ಅಂತ ಅವರ ಊಹೆ. ಕುಣಿತ, ಪೂಜೆಯ ಕಟ್ಟುಪಾಡಿಲ್ಲದಿದ್ದರೆ ನಮ್ಮ ಪದಗಳೂ ಹಾಗೇ ಎಲ್ಲೆಲ್ಲಿಗೋ ಹೋಗುತ್ತವೆ.

ನಮ್ಮ ದೇಶದ ರಾಟವಾಳಕ್ಕೂ ಪಂಜರ ತಪ್ಪಲಿಲ್ಲ. ಕೆಂಪು ರಾಟವಾಳವನ್ನ ಅಹಮದಾಬಾದಿನಿಂದ ಹೊರಕ್ಕೆ ಕಳಿಸುತ್ತಿದ್ದರು. ಅದರ ಇಂಗ್ಲಿಷ್ ಹೆಸರು ಅವಡವಟ್, ಆ ಊರಿನ ಹೆಸರೇ ತಿರುಚಿಕೊಂಡದ್ದು. 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಆದ ಮೇಲೆ ನಮ್ಮ ನೆಲದ ಹಕ್ಕಿ ಹಿಡಿದು ಮಾರೋದು ಅಪರಾಧ. ಆದರೂ ಬಣ್ಣ ಬಳಿದು, ಪರದೇಶದ್ದು ಅಂತ ಮಾರಿದವರಿದ್ದಾರೆ. ಕಣ್ಣಿಗೆ ಹೊಡೆಯೋ ಹಸಿರು, ಗುಲಾಬಿ ಕಂಡರೆ ಅನುಮಾನ ಪಡಿ.

ಹುಟ್ಟುಬಣ್ಣದ ದಾರಿ ಬೇರೆ. ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚಿನಲ್ಲಿ ತಿಳಿಗಂದು ಗಂಡಿಗೆ ಅಪ್ಪಟ ಬೂದು ಹೆಣ್ಣು ಜೋಡಿ ಮಾಡಿದರೆ ಹೆಣ್ಣುಮರಿ ಎಲ್ಲಾ ತಿಳಿಗಂದು, ಗಂಡುಮರಿ ಎಲ್ಲಾ ಬೂದು. ಜುಟ್ಟಿನದಕ್ಕೆ ಜುಟ್ಟಿನದನ್ನ ಮಾತ್ರ ಕೂಡಿಸಬಾರದು. ಎರಡೂ ಕಡೆಯಿಂದ ಜುಟ್ಟಿನ ಗುಣ ಬಂದ ಮರಿ ಉಳಿಯೋದಿಲ್ಲ.

ತಲೆತಲಾಂತರ ಪಂಜರದಲ್ಲೇ ಹುಟ್ಟಿದ ಇವನ್ನ ಹೊರಗೆ ಬಿಟ್ಟರೆ ಬದುಕೋದು ಕಷ್ಟ, ಸಾಕಬೇಕಾದವರು ನಾವೇ. ತಟ್ಟೆ ತುಂಬಾ ನವಣೆ ಇದೆ ಅನ್ನಿಸುತ್ತೆ, ಊದಿ ನೋಡಿದರೆ ಬರೀ ಹೊಟ್ಟು. ಹಕ್ಕಿ ಸಿಪ್ಪೆ ಅಲ್ಲೇ ಬಿಟ್ಟಿರುತ್ತೆ, ಹಾಗೇ ಉಪವಾಸ ಸಾಯುತ್ತೆ. ದಿನಾ ಕೇರಿ ಹಾಕಿ. ನೀರು ಬದಲಿಸಿ, ಮೀಯೋಕೆ ಬೇರೆ ತಟ್ಟೆ ಇಡಿ, ಸುಣ್ಣಕ್ಕೆ ಕಡಲ ನೊರೆ ಸಿಕ್ಕಿಸಿ. ದನಿ ಹೋಗಿ ಟಿಕ್ ಟಿಕ್ ಅಂತ ಉಸಿರಾಡಿದರೆ, ಉಸಿರಿನ ಜೊತೆ ಬಾಲ ಎದ್ದು ಬಿದ್ದರೆ ಒಳಗೆ ನುಸಿ ಸೇರಿರಬಹುದು, ಪಶುವೈದ್ಯರು ಅಳೆದು ಕೊಡೋ ಮದ್ದೇ ಆಗಬೇಕು. ಮೊಟ್ಟೆ ಇಡೋ ಹೆಣ್ಣು ಗರಿ ಉಬ್ಬಿಸಿ ಪಂಜರದ ನೆಲಕ್ಕೆ ಇಳಿದು ಕೂತರೆ ಮೊಟ್ಟೆ ಸಿಕ್ಕಿಕೊಂಡಿದೆ ಅಂತಲೇ ತಿಳೀರಿ. ಹೊಟ್ಟೆ ಒತ್ತಬೇಡಿ, ಬಲ್ಬು ಹಾಕಿ ಬೆಚ್ಚಗಿಟ್ಟು, ಆಗಲೇ ವೈದ್ಯರ ಹತ್ತಿರ ಹೊರಡಿ. ಬೆಳಗಾಗಲಿ ಅಂತ ಕಾದರೆ ಉಳಿಯೋದು ಕಷ್ಟ.