ಕಟ್‌ಪೀಸಿನಿಂದ ಸರ್‌ಪ್ಲಸ್‌ವರೆಗೆ: ಪಶ್ಚಿಮ ಬೆಂಗಳೂರಿನ ಅಗ್ಗದ ಬಟ್ಟೆಯ ಚರಿತ್ರೆ

ಪಶ್ಚಿಮ ಬೆಂಗಳೂರಿನಲ್ಲಿ, ಅಂದರೆ ಬಿನ್ನಿಪೇಟೆಯಿಂದ ಹಿಡಿದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳನ್ನು ಒಳಗೊಂಡು ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿಯವರೆಗೆ ಹರಡಿರುವ ಪ್ರದೇಶದಲ್ಲಿ, ಕೈಗೆಟುಕುವ ಬೆಲೆಗೆ ಸೊಗಸಾದ ಬಟ್ಟೆ ಸಿಗುವ ದಾರಿಗಳು ಬೆಳೆದು ಬಂದ ಬಗೆಯು ಪಾಶ್ಚಾತ್ಯ ನಗರಗಳಲ್ಲಿ ಥ್ರಿಫ್ಟ್ ಅಂಗಡಿಗಳು ಬೆಳೆದ ಬಗೆಗಿಂತ ಮೂಲದಲ್ಲಿಯೇ ಬೇರೆಯಾದುದು. ಥ್ರಿಫ್ಟ್ ಅಂಗಡಿ ಎಂದರೆ ಜನರು ಉಟ್ಟು ಬಿಟ್ಟ ಬಟ್ಟೆಬರೆಗಳನ್ನು ದಾನವಾಗಿ ಪಡೆದು, ಒಪ್ಪಗೊಳಿಸಿ, ಕಡಿಮೆ ಬೆಲೆಗೆ ಮಾರಿ, ಬಂದ ಹಣವನ್ನು ಪರೋಪಕಾರಕ್ಕೆ ಬಳಸುವ ಅಂಗಡಿ. ಅಮೆರಿಕದ ಬಾಸ್ಟನ್‌ನಲ್ಲಿ 1902ರಲ್ಲಿ ಪಾದ್ರಿ ಎಡ್ಗರ್ ಹೆಲ್ಮ್ಸ್ ಆರಂಭಿಸಿದ ಗುಡ್‌ವಿಲ್ ಸಂಸ್ಥೆಯೂ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1940ರ ದಶಕದ ಕೊನೆಗೆ ತೆರೆದ ಆಕ್ಸ್‌ಫಾಮ್ ಅಂಗಡಿಯೂ ಈ ಪರಂಪರೆಯ ಹೆಸರಾಂತ ಉದಾಹರಣೆಗಳು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅಗ್ಗದ ಬಟ್ಟೆಯ ಬೆನ್ನಿಗಿರುವುದು ಇಂಥ ದಾನವಲ್ಲ, ಕಾರ್ಖಾನೆ. ಮೊದಲು ಮಿಲ್ಲಿನಲ್ಲಿ, ಆಮೇಲೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಉಳಿದದ್ದು, ಕಳೆದದ್ದು, ಬೇಡವೆಂದು ಹಿಂದಿರುಗಿದ್ದು ಇಲ್ಲಿನ ಬೀದಿಗಳಿಗೆ ಇಳಿದು ಬಂದಿತು, ಮತ್ತು ಅದನ್ನು ಕೊಂಡವರಲ್ಲಿ ಬಹಳ ಮಂದಿ ಆ ಬಟ್ಟೆಯನ್ನು ನೇಯ್ದ ಅಥವಾ ಹೊಲಿದ ಕುಟುಂಬಗಳವರೇ ಆಗಿದ್ದರು.

ಬಟ್ಟೆಯೊಂದಿಗೆ ಈ ಊರಿನ ನಂಟು ಮಿಲ್ಲುಗಳಿಗಿಂತ ಬಹಳ ಹಳೆಯದು. 1800ರಲ್ಲಿ ಬೆಂಗಳೂರಿಗೆ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್, ಉಳ್ಳವರಿಗಾಗಿ ರೇಷ್ಮೆ ನೇಯುವ ಪಟ್ವೇಗಾರ ಹಾಗೂ ಖತ್ರಿಗಳನ್ನು, ಬಡವರು ಉಡುವ ದಪ್ಪ ಹತ್ತಿಬಟ್ಟೆಯನ್ನು ನೇಯುವ ತೊಗಟರನ್ನು ಬೇರೆಬೇರೆಯಾಗಿಯೇ ದಾಖಲಿಸಿದ್ದಾನೆ. ಯಾರ ಮೈಮೇಲೆ ಯಾವ ಬಟ್ಟೆ ಎಂಬುದನ್ನು ಆಗ ಮಗ್ಗವೇ ನಿರ್ಧರಿಸಿಬಿಡುತ್ತಿತ್ತು. ಹಳೆಯ ಊರಾದ ಪೇಟೆಯ ಪಶ್ಚಿಮದ ಅಂಚಿನಲ್ಲಿರುವ ಕಾಟನ್‌ಪೇಟೆಯ ಕನ್ನಡದ ಹೆಸರು ಅರಳೆಪೇಟೆ. ಅರಳೆ ಎಂದರೆ ಬೀಜ ತೆಗೆದ ಹತ್ತಿ. ಕೆಂಗೇರಿಗೂ ಇಂಥದೊಂದು ನೆನಪಿದೆ. 1860ರ ದಶಕದಲ್ಲಿ ಇಟಲಿಯ ಡಿ ವೆಚ್ಚಿ ಎಂಬಾತ ಅಲ್ಲಿ ಗೂಡಿನಿಂದ ರೇಷ್ಮೆನೂಲು ಬಿಚ್ಚುವ ಕಾರ್ಖಾನೆಯನ್ನು ನಡೆಸಿದ. ಅಲ್ಲಿಂದ ತಯಾರಾದದ್ದು ಸಾಮಾನ್ಯರು ಉಡುವ ಸರಕಲ್ಲವಾದರೂ, ಮೈಸೂರು ರಸ್ತೆಗೂ ನೂಲಿಗೂ ಇರುವ ಸಂಬಂಧ ನೂರೈವತ್ತು ವರ್ಷಗಳಿಗೂ ಹಿಂದಿನದೆಂಬುದಕ್ಕೆ ಅದು ಸಾಕ್ಷಿ.

ಚಿತ್ರ ಬದಲಾದದ್ದು 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸ್ಥಾಪನೆಯಾದ ಮೇಲೆ. ಎರಡು ವರ್ಷಗಳ ನಂತರ ಅದರ ಆಡಳಿತ ಮದರಾಸಿನ ಬಿನ್ನಿ ಕಂಪನಿಗೆ ಸೇರಿ, ಜನರ ಬಾಯಲ್ಲಿ ಅದು ಬಿನ್ನಿ ಮಿಲ್ಲಾಯಿತು, ಸುತ್ತಲಿನ ಪ್ರದೇಶ ಬಿನ್ನಿಪೇಟೆಯಾಯಿತು. ಅದರ ನೆರೆಯ ಗೋಪಾಲಪುರದಲ್ಲಿ, ಮಾಗಡಿ ರಸ್ತೆಯ ಬದಿಗೆ, ಮಿನರ್ವ ಮಿಲ್ಲು ಬಂದಿತು. ಯಾವ ನೇಯ್ಗೆ ಕಾರ್ಖಾನೆಯಲ್ಲಿಯೂ ನೇಯ್ದದ್ದೆಲ್ಲವೂ ಥಾನಾಗಿ, ಅಂದರೆ ನಿಗದಿತ ಅಳತೆಯ ಪೂರ್ತಿ ಸುತ್ತಾಗಿ, ಹೊರಬೀಳುವುದಿಲ್ಲ. ನೂಲು ಕಡಿದ ಕಡೆ, ಬಣ್ಣ ಒಂದೇ ಹದದಲ್ಲಿ ಹಿಡಿಯದ ಕಡೆ, ಎಣ್ಣೆಯ ಕಲೆ ಬಿದ್ದ ಕಡೆ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಹೀಗೆ ಕತ್ತರಿಸಿ ಉಳಿದ ತುಂಡುಗಳಲ್ಲಿ ಒಂದಿಷ್ಟು ಉದ್ದವಿದ್ದವನ್ನು ಜವಳಿ ಉದ್ಯಮ ಫೆಂಟ್ ಎಂದೂ, ಅದಕ್ಕಿಂತ ಚಿಕ್ಕವನ್ನು ಚಿಂದಿ ಎಂದೂ ವಿಂಗಡಿಸುತ್ತದೆ. ಪೂರ್ತಿ ಅಳತೆಯಿದ್ದೂ ಸಣ್ಣ ದೋಷವಿರುವ ಸರಕು ಸೆಕೆಂಡ್ಸ್ ಎನಿಸಿಕೊಳ್ಳುತ್ತದೆ. ಇವೆಲ್ಲವನ್ನೂ ಬೆಂಗಳೂರಿನ ಜನ ಒಂದೇ ಮಾತಿನಲ್ಲಿ ಕಟ್‌ಪೀಸ್ ಎಂದು ಕರೆದರು. ಆ ಹೆಸರಿನ ಅಂಗಡಿಗಳು ಕಾಲಕ್ರಮದಲ್ಲಿ ಎಷ್ಟು ಸಾಮಾನ್ಯವಾದುವೆಂದರೆ, ಕಟ್‌ಪೀಸ್ ಸೆಂಟರ್ ಎಂಬ ಫಲಕವಿಲ್ಲದ ಬಡಾವಣೆಯ ಮಾರುಕಟ್ಟೆಯನ್ನು ಊಹಿಸಿಕೊಳ್ಳುವುದೇ ಕಷ್ಟವಾಯಿತು.

ಕಟ್‌ಪೀಸನ್ನು ಕೊಳ್ಳುವುದು ಒಂದು ವಿದ್ಯೆಯಾಗಿತ್ತು ಎಂಬುದನ್ನು ಜವಳಿಯ ಚರಿತ್ರೆ ಬರೆದವರು ಸಾಕಷ್ಟು ಗಮನಿಸಿಲ್ಲ. ಗೃಹಿಣಿಯು ರಾಶಿಯಿಂದ ತುಂಡನ್ನು ಎಳೆದು, ಮೂಗಿನ ತುದಿಯಿಂದ ಚಾಚಿದ ಕೈಬೆರಳಿನವರೆಗೆ ಹಿಡಿದು ಒಂದು ಗಜದ ಲೆಕ್ಕ ಹಾಕಿ, ಬೆಳಕಿಗೆ ಒಡ್ಡಿ ನೇಯ್ಗೆಯ ಬಿಗಿಯನ್ನು ನೋಡಿ, ಅಂಚಿನಲ್ಲಿ ಮಿಲ್ಲಿನ ಮುದ್ರೆಯಿದೆಯೇ ಎಂದು ಹುಡುಕಿ, ದೋಷವು ಎಲ್ಲಿ ಬಿದ್ದಿದೆಯೋ ಅದು ಕಂಕುಳ ಅಡಿಗೋ ಪಟ್ಟಿಯ ಮಡಿಕೆಗೋ ಹೋಗುವಂತೆ ಮನಸ್ಸಿನಲ್ಲಿಯೇ ಕತ್ತರಿ ಆಡಿಸಿ ನೋಡಿ, ಆಮೇಲೆ ಬೆಲೆಗೆ ಬಾಯಿ ಹಾಕುತ್ತಿದ್ದಳು. ಮುಕ್ಕಾಲು ಮೀಟರು ಸಿಕ್ಕಿದರೆ ರವಿಕೆಯ ಕಣ, ಅದಕ್ಕಿಂತ ಚಿಕ್ಕದಾದರೆ ಮಗುವಿನ ಚಡ್ಡಿ, ಎರಡು ಬಣ್ಣದ ತುಂಡುಗಳು ಹೊಂದಿದರೆ ಹೆಣ್ಣುಮಗುವಿಗೆ ಲಂಗ. ಬೀದಿಯ ತುದಿಯ ದರ್ಜಿಗೆ ಈ ಲೆಕ್ಕಾಚಾರದಲ್ಲಿ ದೊಡ್ಡ ಪಾತ್ರವಿತ್ತು. ಸಾಕಾಗದ ಬಟ್ಟೆಯಲ್ಲಿ ತೋಳನ್ನು ಎರಡು ಬೆರಳು ಮೋಟು ಮಾಡಿ ಅದನ್ನೇ ಹೊಸ ಮಾದರಿಯೆಂದು ಒಪ್ಪಿಸುವ ಕೈಚಳಕ ಅವನದು. ಸಿನಿಮಾದಲ್ಲಿ ಕಂಡ ರವಿಕೆಯ ಕತ್ತು, ಬುಶ್‌ಶರ್ಟಿನ ಕಾಲರು ಬಡ ಬೀದಿಗಳಿಗೆ ಬಂದದ್ದು ಈ ತುಂಡುಬಟ್ಟೆ ಮತ್ತು ಈ ದರ್ಜಿಯ ಮೂಲಕ. ಸೊಗಸು ಎಂಬುದು ಹಣವಿದ್ದವರ ಸೊತ್ತಾಗಿ ಉಳಿಯದಿರುವುದಕ್ಕೆ ಇವರಿಬ್ಬರ ಋಣ ದೊಡ್ಡದು.

ಎರಡನೆಯ ಮಹಾಯುದ್ಧದ ಕಾಲದ ಬಟ್ಟೆಯ ಅಭಾವವು ಈ ಮಿತವ್ಯಯವನ್ನು ಎಲ್ಲ ವರ್ಗಗಳಿಗೂ ಕಲಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಹೊರಟು, ಬೆಲೆಯನ್ನು ಸರ್ಕಾರವೇ ಕಟ್ಟುವ ಕಾಲ ಬಂದಿತು. ಸ್ವಾತಂತ್ರ್ಯಾನಂತರವೂ ಕಂಟ್ರೋಲ್ ಬಟ್ಟೆ ಎಂಬ ಹೆಸರಿನಲ್ಲಿ ದಪ್ಪ ಧೋತ್ರ, ಸೀರೆ, ಕೋರಾ ಬಟ್ಟೆಗಳು, ಎಂದರೆ ಬಿಳುಪು ಮಾಡದ ಬಟ್ಟೆಗಳು, ನಿಗದಿತ ಬೆಲೆಗೆ ದೊರೆಯುತ್ತಿದ್ದವು. 1976ರಲ್ಲಿ ಆರಂಭವಾದ ಜನತಾ ಬಟ್ಟೆಯ ಯೋಜನೆ ಇದೇ ಕೆಲಸವನ್ನು ಕೈಮಗ್ಗಕ್ಕೆ ಒಪ್ಪಿಸಿತು. ಇವು ಮಾನ ಮುಚ್ಚುವ ಬಟ್ಟೆಗಳಾಗಿದ್ದವೇ ಹೊರತು ಹಬ್ಬಕ್ಕೆ ಉಡುವ ಬಟ್ಟೆಗಳಾಗಿರಲಿಲ್ಲ. ಹಬ್ಬಕ್ಕೆ ಜನ ಕಟ್‌ಪೀಸಿನ ರಾಶಿಗೇ ಮರಳಿದರು.

ಈ ನಡುವೆ ಮಿಲ್ಲಿನ ಸುತ್ತಲಿದ್ದ ಊರು ಪಶ್ಚಿಮಕ್ಕೆ ಚಾಚಿತು. ಭಾರತದ ಕೊನೆಯ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರವನ್ನು ಕೈಗಾರಿಕಾ ಉಪನಗರವಾಗಿಯೇ ಯೋಜಿಸಲಾಗಿತ್ತು. ಅದರ ಹಿಂದೆಯೇ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ವಿಜಯನಗರದ ಬಿನ್ನಿ ಲೇಔಟ್ ಇಂದಿಗೂ ಮಿಲ್ಲಿನ ಹೆಸರನ್ನು ಉಳಿಸಿಕೊಂಡಿದೆ. ಕಾರ್ಮಿಕನ ಮನೆ, ಸಣ್ಣ ಗುಮಾಸ್ತನ ಮನೆ ಪಕ್ಕಪಕ್ಕದಲ್ಲಿದ್ದ ಈ ಬಡಾವಣೆಗಳಲ್ಲಿ ಅಗ್ಗದ ಬಟ್ಟೆಗೆ ನಾಚಿಕೆ ಅಂಟಿಕೊಳ್ಳಲಿಲ್ಲ. ಆದರೆ ಮಿಲ್ಲುಗಳ ಮಟ್ಟಿಗೆ ಕಾಲ ಕೆಟ್ಟಿತು. ಮಿನರ್ವ ಮಿಲ್ಲನ್ನು ರೋಗಗ್ರಸ್ತ ಜವಳಿ ಉದ್ಯಮಗಳ 1974ರ ಕಾಯಿದೆಯಡಿ ರಾಷ್ಟ್ರೀಕರಿಸಲಾಯಿತು. ಅದನ್ನು ಪ್ರಶ್ನಿಸಿ ಮಾಲೀಕರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯ ಕೆಲವು ಭಾಗಗಳನ್ನು ಅಸಿಂಧುಗೊಳಿಸಿತು. ಮಾಗಡಿ ರಸ್ತೆಯ ಒಂದು ಮಿಲ್ಲಿನ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರ ನಾಲಗೆಯ ಮೇಲಿರುವಾಗ, ಅದರ ಬಟ್ಟೆ ಉಟ್ಟವರ ನೆನಪು ಯಾವ ಪುಸ್ತಕದಲ್ಲಿಯೂ ಹಾಗೆ ಉಳಿಯದಿರುವುದು ದುಃಖದ ಸಂಗತಿ.

ಉಟ್ಟು ಬಿಟ್ಟ ಬಟ್ಟೆಯ ಚರಿತ್ರೆ ಇದಕ್ಕಿಂತ ಜಟಿಲವಾದುದು, ಏಕೆಂದರೆ ಅಲ್ಲಿ ಮಡಿ ಮತ್ತು ಮೈಲಿಗೆಯ ಕಲ್ಪನೆಗಳು ಅಡ್ಡ ಬರುತ್ತವೆ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುವುದು ಸಹಜವಾಗಿತ್ತು. ಆದರೆ ಗೊತ್ತಿಲ್ಲದವರು ಉಟ್ಟ ಬಟ್ಟೆಯನ್ನು ಮೈಗೆ ಸೋಕಿಸಲು ಹಲವರು ಹಿಂಜರಿಯುತ್ತಿದ್ದರು. ಸಾವಿನ ಮನೆಯ ಬಟ್ಟೆ, ಮೈನೆರೆದಾಗಿನ ಬಟ್ಟೆ ಅಗಸರಿಗೆ ಸೇರಬೇಕೆಂಬ ಕಟ್ಟುಪಾಡು ಹಳೆಯ ಮೈಸೂರಿನ ಹಲವೆಡೆ ಇತ್ತು. ಬಟ್ಟೆ ಬೇರೆಯವರ ಕೈಗೆ ಹೋಗುವ ದಾರಿಯನ್ನು ಜಾತಿಯೇ ಗುರುತು ಮಾಡಿಟ್ಟಿತ್ತು. ರೇಷ್ಮೆ ಮತ್ತು ಉಣ್ಣೆಗಳಿಗೆ ಮಾತ್ರ ಮೈಲಿಗೆ ಸುಲಭವಾಗಿ ತಟ್ಟದೆಂಬ ನಂಬಿಕೆಯಿದ್ದುದರಿಂದ, ಅಜ್ಜಿಯ ರೇಷ್ಮೆ ಸೀರೆ ಮೊಮ್ಮಗಳ ಲಂಗವಾಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಹಳೆಯ ಬಟ್ಟೆಯು ಮನೆಯಿಂದ ಹೊರಬೀಳಲು ಒಂದು ಗೌರವದ ದಾರಿಯನ್ನು ತೆರೆದವಳು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದ ಪಾತ್ರೆಯವಳು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಎಂಬ ಕೂಗು ಮಧ್ಯಾಹ್ನದ ಹೊತ್ತಿಗೆ, ಅಂದರೆ ಗಂಡಸರು ಕೆಲಸಕ್ಕೆ ಹೋಗಿ ಅಡುಗೆಮನೆಯ ಕೆಲಸ ಒಂದು ಹಂತಕ್ಕೆ ಬಂದ ಮೇಲೆ, ಬಡಾವಣೆಯ ಅಡ್ಡರಸ್ತೆಗಳಲ್ಲಿ ಕೇಳಿಬರುತ್ತಿತ್ತು. ಅವಳು ಜಗಲಿಯ ಮೇಲೆ ಕುಳಿತು ಪ್ಯಾಂಟಿನ ಮೊಣಕಾಲು, ಕೂರುವ ಜಾಗ, ಜಿಪ್ಪು, ಅಂಗಿಯ ಕಾಲರಿನ ಮಡಿಕೆ, ಸೀರೆಯ ಸೆರಗಿನ ಜರಿ ಇವನ್ನು ಒಂದೊಂದಾಗಿ ಪರೀಕ್ಷಿಸಿ ಬುಟ್ಟಿಯಿಂದ ಒಂದು ಡಬ್ಬಿಯನ್ನು ಮುಂದಿಡುವಳು. ಮನೆಯಾಕೆ ಅದಕ್ಕಿಂತ ದೊಡ್ಡದನ್ನು ಕೇಳುವಳು. ಇನ್ನೊಂದು ಪ್ಯಾಂಟು ತಂದರೆ ಮುಚ್ಚಳವೂ ಸೇರುತ್ತದೆಂಬ ಮಾತಿಗೆ ವ್ಯಾಪಾರ ಕುದುರುವುದು. ಹಣ ಕೈಬದಲಾಗದ ಈ ವಿನಿಮಯದಲ್ಲಿ ಮನೆಯಾಕೆ ಕೊಟ್ಟದ್ದು ದಾನವಲ್ಲ, ಪಾತ್ರೆಯವಳು ಪಡೆದದ್ದು ಭಿಕ್ಷೆಯಲ್ಲ. ಥ್ರಿಫ್ಟ್ ಅಂಗಡಿಗೂ ಇದಕ್ಕೂ ಇರುವ ಆಳವಾದ ವ್ಯತ್ಯಾಸ ಇದೇ.

ಹೀಗೆ ಸೇರಿದ ಬಟ್ಟೆಯು ಮುಂದೆ ವ್ಯಾಪಾರಿಗಳ ಕೈ ಸೇರಿ, ಒಗೆತ, ತೇಪೆ, ಇಸ್ತ್ರಿಗಳನ್ನು ಕಂಡು, ಕೃಷ್ಣರಾಜ ಮಾರುಕಟ್ಟೆಯ ಸುತ್ತಮುತ್ತ ಭಾನುವಾರ ಸೇರುವ ಸಂಡೆ ಬಜಾರಿನಂಥ ಬೀದಿಸಂತೆಗಳಲ್ಲಿ ಮಾರಾಟಕ್ಕೆ ಬರುತ್ತಿತ್ತು. ಹೆಚ್ಚು ಹರಿದುಹೋದ ಹತ್ತಿಬಟ್ಟೆಯು ಗ್ಯಾರೇಜುಗಳ, ಲೇತ್ ಶಾಪುಗಳ ಎಣ್ಣೆಕೈ ಒರೆಸಲು ಹೋಗುತ್ತದೆ. ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯಗಳಂಥ ಯಂತ್ರೋದ್ಯಮದ ಪ್ರದೇಶಗಳಲ್ಲಿ ಅದಕ್ಕೆ ಬೇಡಿಕೆ ಎಂದೂ ತಪ್ಪಿದ್ದಿಲ್ಲ. ಇನ್ನೊಂದೆಡೆ, ಹೊರದೇಶದವರು ಉಟ್ಟ ಬಟ್ಟೆಯನ್ನು ಭಾರತಕ್ಕೆ ತಂದು ಇಲ್ಲಿ ಮಾರುವುದಕ್ಕೆ ಸರ್ಕಾರದ ಆಮದು ನೀತಿಯು ದೇಶಿ ಜವಳಿಯ ರಕ್ಷಣೆಗಾಗಿ ಬಿಗಿಯಾದ ಕಡಿವಾಣ ಹಾಕಿತು. ಅಮೆರಿಕ, ಯೂರೋಪುಗಳ ಹಳೆಯ ಬಟ್ಟೆ ಆಫ್ರಿಕದ ಮಾರುಕಟ್ಟೆಗಳನ್ನು ತುಂಬಿದ ಹಾಗೆ ಬೆಂಗಳೂರನ್ನು ತುಂಬದಿರಲು ಇದೂ ಒಂದು ಕಾರಣ.

ಬೆಂಗಳೂರಿಗೆ ಪಾಶ್ಚಾತ್ಯ ದೇಶಗಳ ಹೊಸ ಮಾದರಿಗಳು ಬಂದದ್ದು ಬೇರೆ ಬಾಗಿಲಿನಿಂದ. 1974ರಿಂದ ಜಾರಿಯಲ್ಲಿದ್ದ ಮಲ್ಟಿ ಫೈಬರ್ ಅಗ್ರಿಮೆಂಟ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಯಾವ ಬಡ ದೇಶ ಎಷ್ಟು ಉಡುಪನ್ನು ಶ್ರೀಮಂತ ದೇಶಗಳಿಗೆ ಕಳುಹಿಸಬಹುದೆಂಬ ಪಾಲನ್ನು ಗೊತ್ತುಮಾಡಿತ್ತು. ಆ ಪಾಲನ್ನು ಹಂಚಿಕೊಂಡು ಬೆಳೆದ ಭಾರತೀಯ ನಗರಗಳಲ್ಲಿ ಬೆಂಗಳೂರು ಮುಖ್ಯವಾದುದು. 1979ರಲ್ಲಿ ಆರಂಭವಾದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಮೊದಲಾದ ಸಂಸ್ಥೆಗಳು ಬೆಳೆದಂತೆ ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಗಳಲ್ಲಿ ಕಾರ್ಖಾನೆಗಳು ಎದ್ದವು. 2004ರ ಕೊನೆಗೆ ಪಾಲಿನ ಪದ್ಧತಿ ಮುಗಿದ ಮೇಲೂ ಅವು ಉಳಿದವು. ಗಾರ್ಮೆಂಟ್ಸ್ ಎಂಬ ಇಂಗ್ಲಿಷ್ ಮಾತು ಬೆಂಗಳೂರಿನ ಕನ್ನಡದಲ್ಲಿ ಬಟ್ಟೆಯೆಂಬ ಅರ್ಥವನ್ನು ಬಿಟ್ಟು ಕಾರ್ಖಾನೆಯೆಂಬ ಅರ್ಥವನ್ನು ಪಡೆಯಿತು. ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ ಎಂದರೆ ಸಾಕು, ಅವಳ ದಿನದ ಹೊತ್ತು, ದುಡಿಮೆ, ಆಯಾಸಗಳೆಲ್ಲ ಕೇಳಿದವರಿಗೆ ಅರ್ಥವಾಗುತ್ತವೆ.

ಹತ್ತು ಸಾವಿರ ಅಂಗಿಗಳಿಗೆ ಆರ್ಡರ್ ಬಂದಾಗ, ಹೊಲಿಗೆಯಲ್ಲಿ ಕೆಡುವ ಪೀಸ್‌ಗಳನ್ನು ಸರಿದೂಗಿಸಲು ಕಾರ್ಖಾನೆಯವರು ಸ್ವಲ್ಪ ಹೆಚ್ಚಾಗಿಯೇ ಕತ್ತರಿಸುತ್ತಾರೆ. ಕೆಟ್ಟದ್ದು ಕಡಿಮೆಯಾದರೆ ಹೆಚ್ಚಿನದು ಉಳಿಯುತ್ತದೆ. ಚೆಕಿಂಗ್‌ನಲ್ಲಿ, ಅಂದರೆ ಸಿದ್ಧವಾದ ಪೀಸನ್ನು ಪರೀಕ್ಷಿಸುವ ಹಂತದಲ್ಲಿ, ತಿರಸ್ಕೃತವಾದವು ಇದಕ್ಕೆ ಸೇರುತ್ತವೆ. ಹಡಗಿನ ದಿನ ತಪ್ಪಿದ್ದರಿಂದ ಖರೀದಿದಾರ ಇಡೀ ಆರ್ಡರನ್ನೇ ಕೈಬಿಡುವುದೂ ಉಂಟು. ಈ ಎಲ್ಲ ಸರಕನ್ನು ಲಾಟು ಲೆಕ್ಕದಲ್ಲಿ ಕೊಂಡ ವ್ಯಾಪಾರಿಗಳು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಎಂಬ ಹೆಸರಿನಲ್ಲಿ ಮಾರತೊಡಗಿದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರಾದ ಈ ವ್ಯಾಪಾರ ರಾಜಾಜಿನಗರ, ವಿಜಯನಗರಗಳ ಅಡ್ಡರಸ್ತೆಗಳಿಗೂ, ಪಾದಚಾರಿ ಮಾರ್ಗದ ರಾಶಿಗಳಿಗೂ ಹಬ್ಬಿತು. ಆಷಾಢದಲ್ಲಿ ಮದುವೆಗಳಿಲ್ಲದೆ ದೊಡ್ಡ ಜವಳಿ ಅಂಗಡಿಗಳು ರಿಯಾಯಿತಿ ಮಾರಾಟ ಹೂಡುವಾಗ ಸೀರೆಗಾಗಿ ಜನ ಅಲ್ಲಿಗೆ ಹೋದರೂ, ಜೀನ್ಸ್, ಟೀ ಶರ್ಟ್, ಚಳಿಯಂಗಿಗಳಿಗೆ ವರ್ಷವಿಡೀ ಈ ರಾಶಿಗಳೇ ಆಸರೆ.

ಇಂಥ ಅಂಗಿಯೊಂದನ್ನು ಕೈಗೆತ್ತಿಕೊಂಡರೆ ಅದರ ಕತ್ತಿನ ಒಳಭಾಗದಲ್ಲಿ ಅಡ್ಡಲಾಗಿ ಕತ್ತರಿಸಿದ ಲೇಬಲ್ಲು ಕಾಣುತ್ತದೆ. ಬ್ರಾಂಡಿನ ಹೆಸರು ಹೊತ್ತ ಸರಕು ಅಗ್ಗದ ಬೀದಿಯಲ್ಲಿ ಮಾರಾಟವಾಗಬಾರದೆಂಬ ಷರತ್ತಿನಿಂದಾಗಿ ಹೆಸರನ್ನು ಕತ್ತರಿಸುತ್ತಾರೆ, ಆದರೆ ಹೊಲಿಗೆಯನ್ನು ಪೂರ್ತಿ ಬಿಚ್ಚುವ ಪುರಸೊತ್ತು ಯಾರಿಗೂ ಇರುವುದಿಲ್ಲ. ಹಾಗಾಗಿ ಒಂದೆರಡು ಅಕ್ಷರಗಳ ಚೂರು, ಅಳತೆಯ ಗುರುತು, ಪಕ್ಕೆಯ ಹೊಲಿಗೆಯಲ್ಲಿ ಹಲವು ಭಾಷೆಗಳಲ್ಲಿ ಒಗೆಯುವ ಕ್ರಮವನ್ನು ಹೇಳುವ ಪಟ್ಟಿ ಉಳಿದುಬಿಡುತ್ತವೆ. ಒಂದು ಕಾಲದಲ್ಲಿ ಮಿಲ್ಲಿನ ಮುದ್ರೆಯನ್ನು ಹುಡುಕಿದ ಕಣ್ಣುಗಳು ಈಗ ಈ ಕತ್ತರಿಸಿದ ಅಕ್ಷರಗಳನ್ನು ಜೋಡಿಸಿ ಓದುತ್ತವೆ.

ಈ ಅಗ್ಗದ ಬೆಲೆಯ ಹಿಂದೆ ಅಗ್ಗದ ಕೂಲಿಯೂ ಇದೆಯೆಂಬುದನ್ನು ಮರೆತು ಬರೆಯುವ ಚರಿತ್ರೆ ಅರ್ಧ ಚರಿತ್ರೆ. ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ಹೊಸ ನಿರ್ಬಂಧಗಳು ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ಬೆಂಗಳೂರಿನ ಹೆದ್ದಾರಿಗಳಿಗಿಳಿದು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದೆಗೆದುಕೊಳ್ಳುವಂತೆ ಮಾಡಿದರು.

ಮಿನರ್ವ ಮಿಲ್ಲಿನ ನೆಲದಲ್ಲಿ 2021ರಲ್ಲಿ ಲುಲು ಮಾಲ್ ತೆರೆಯಿತು. ಅದೇ ಹೊತ್ತಿಗೆ ಯುವಜನರು ಇನ್‌ಸ್ಟಾಗ್ರಾಂನಲ್ಲಿ ಥ್ರಿಫ್ಟ್ ಎಂಬ ಹೆಸರಿನಡಿ ಉಟ್ಟ ಬಟ್ಟೆಗಳನ್ನು ಫೋಟೊ ತೆಗೆದು ಮಾರುವುದು, ಕೊಳ್ಳುವುದು ರೂಢಿಯಾಯಿತು. ಗೊತ್ತಿಲ್ಲದವರು ಉಟ್ಟ ಬಟ್ಟೆಯ ಬಗೆಗಿದ್ದ ಹಳೆಯ ಅಳುಕನ್ನು ಈ ಪೀಳಿಗೆ ಬಿಟ್ಟಿರುವುದು ಸಣ್ಣ ಸಂಗತಿಯಲ್ಲ. ಆದರೆ ಮೈಸೂರು ರಸ್ತೆಯಲ್ಲಿ ಹಳೆಯ ದಾರಿ ಇನ್ನೂ ಮುಚ್ಚಿಲ್ಲ. ಸಂಜೆ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಂಗಸರು ಪಾದಚಾರಿ ಮಾರ್ಗದ ರಾಶಿಯ ಮುಂದೆ ನಿಂತಾಗ ಬಣ್ಣವನ್ನೂ ಲೇಬಲ್ಲನ್ನೂ ಮೊದಲು ನೋಡುವುದಿಲ್ಲ. ಅಂಗಿಯನ್ನು ಒಳಮೈಗೆ ತಿರುವಿ, ತೋಳು ಮತ್ತು ಪಕ್ಕೆಯ ಹೊಲಿಗೆಗಳು ಕಂಕುಳ ಬಳಿ ಕೂಡುವ ಜಾಗದಲ್ಲಿ ಓವರ್‌ಲಾಕ್ ದಾರವನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಅದು ಜಗ್ಗದಿದ್ದರೆ ಮಾತ್ರ ಬೆಲೆ ಕೇಳುತ್ತಾರೆ.