ಅಂಚೆಯವನ ಎದೆಬಡಿತ

ಶ್ರೀರಂಗಪಟ್ಟಣದ ಕೋಟೆಯ ಬದಿಯಲ್ಲಿ ನಸುಕಿಗೇ ಓಡುವ ಹುಡುಗರನ್ನು ನಾವು ನೋಡಿದ್ದೇವೆ. ಪೊಲೀಸ್ ನೇಮಕಾತಿಗಾಗಿ ಅವರ ಅಭ್ಯಾಸ. ಓಟಕ್ಕೆ ಮುಂಚೆ ಎರಡು ಲೋಟ ಗಟ್ಟಿ ಕಾಫಿ ಕುಡಿದರೆ ಎದೆಗೆ ಬಲ ಬರುತ್ತದೆಂದು ಕೆಲವರ ನಂಬಿಕೆ. ಓಟಕ್ಕೂ ಕಾಫಿಗೂ ನಮ್ಮ ನಾಡಿನಲ್ಲಿ ಹಳೆಯ ಚರಿತ್ರೆಯಿದೆ.

ಹದಿನೇಳನೇ ಶತಮಾನದ ಕೊನೆಗೆ ಶ್ರೀರಂಗಪಟ್ಟಣವೇ ರಾಜಧಾನಿ. ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಕಟ್ಟಿದ್ದು ಆಗ. ಓಲೆಯ ಚೀಲ ಹೊತ್ತವನು ಒಂದು ತಾಣದಿಂದ ಇನ್ನೊಂದಕ್ಕೆ ಓಡುತ್ತಿದ್ದ. ಅಲ್ಲಿ ಕಾದಿದ್ದವನು ಚೀಲ ಪಡೆದು ಮುಂದೆ ಓಡುತ್ತಿದ್ದ. ಹೈದರಾಲಿ, ಟಿಪ್ಪು ಕಾಲದಲ್ಲಿ ಇದೇ ಅಂಚೆ ಬೇಹುಗಾರಿಕೆಗೂ ದುಡಿಯಿತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು.

ಹೆಚ್ಚುಕಡಿಮೆ ಅಂಚೆ ಹುಟ್ಟಿದ ಕಾಲಕ್ಕೇ, ಹಜ್ ಮುಗಿಸಿ ಮರಳಿದ ಬಾಬಾ ಬುಡನ್ ಅವರು ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಯೆಮನ್ನಿನ ಸೂಫಿಗಳು 15ನೇ ಶತಮಾನದಲ್ಲೇ ರಾತ್ರಿಯ ಜಿಕ್ರ್‌ನಲ್ಲಿ ನಿದ್ದೆ ಸುಳಿಯದಿರಲೆಂದು ಕಹ್ವಾ ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಅದನ್ನು ನಿಷೇಧಿಸಿದ್ದೂ ಉಂಟು. ಆ ನಿಷೇಧ ಬಹಳ ದಿನ ನಿಲ್ಲಲಿಲ್ಲ.

ನಿದ್ದೆ ಓಡಿಸುವ ಆ ವಸ್ತುವನ್ನು, ಅಂದರೆ ಕೆಫೀನನ್ನು, 1819ರಲ್ಲಿ ಜರ್ಮನಿಯ ರುಂಗೆ ಬೇರ್ಪಡಿಸಿದ. ದಣಿವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ಅಡೆನೊಸಿನ್. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ. ಸುದ್ದಿ ಮುಟ್ಟುವುದಿಲ್ಲ, ಆದರೆ ದಣಿವು ಇದ್ದೇ ಇರುತ್ತದೆ. ಹೀಗಾಗಿ ದೂರದ ಓಟಗಾರ ಕೊಂಚ ಹೆಚ್ಚು ತಾಳಿಕೊಳ್ಳುತ್ತಾನೆ. 2004ರಲ್ಲಿ ಕ್ರೀಡಾಲೋಕದ ನಿಷೇಧಿತ ಮದ್ದುಗಳ ಪಟ್ಟಿಯಿಂದ ಕೆಫೀನನ್ನು ಕೈಬಿಡಲಾಯಿತು. ಹಿತಮಿತವಾಗಿ ಕುಡಿದರೆ ಎದೆಬಡಿತದಲ್ಲಿ ಹೆಚ್ಚಿನ ಬದಲಾವಣೆ ಕಾಣದು. ರೂಢಿಯಿಲ್ಲದವರಿಗೆ ರಕ್ತದೊತ್ತಡ ಏರಬಹುದು. ಅತಿಯಾದರೆ ಎದೆ ಡವಗುಟ್ಟುತ್ತದೆ.

ಎದೆಬಡಿತವನ್ನು ನಿಜವಾಗಿ ತಿದ್ದುವುದು ಓಟವೇ. ಸುಮ್ಮನೆ ಕೂತಾಗ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ. ವರ್ಷಗಟ್ಟಲೆ ಓಡಿದವರಲ್ಲಿ ಅದು 50ಕ್ಕೂ ಕೆಳಗಿಳಿಯಬಹುದು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಡಿಸುವುದನ್ನು ಕಲಿತಿರುತ್ತದೆ. ಹಕೀಮರು ನಬ್ಜ್ ಹಿಡಿದು ನೋಡುತ್ತಿದ್ದುದು ಇದೇ ನಾಡಿಯನ್ನು.

ಕಾಫಿ ನಮ್ಮ ಬಡವರ ಒಲೆಗೆ ಬಂದದ್ದು ಬಹಳ ಕಾಲದ ಮೇಲೆ. ಅಂಚೆಯವನ ಎದೆಯನ್ನು ಗಟ್ಟಿ ಮಾಡಿದ್ದು ದಿನದಿನದ ಓಟ. ದಣಿದಾಗ ಅವನ ಚೀಲ ಇಳಿಸಿಕೊಳ್ಳಲು ಮುಂದಿನ ತಾಣದಲ್ಲಿ ಒಬ್ಬನಿರುತ್ತಿದ್ದ. ನಮ್ಮ ಹುಡುಗರಿಗೆ ಅಂಥವನಿಲ್ಲ. ಕೊನೆಯ ಗೆರೆಯವರೆಗೂ ಅವರದೇ ಎದೆ. ಕಾಫಿ ಕುಡಿಯಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಓಟದ ನಡುವೆ ಎದೆನೋವೋ ತಲೆಸುತ್ತೋ ಬಂದರೆ ಅಲ್ಲಿಯೇ ನಿಲ್ಲಲಿ, ಡಾಕ್ಟರಿಗೆ ತೋರಿಸಲಿ. ಈ ಸಲದ ನೇಮಕಾತಿ ತಪ್ಪಿದರೆ ಮುಂದಿನದೊಂದು ಇದ್ದೇ ಇದೆ.